ಮಾಳಿಗೆಯಲ್ಲಿ ಮಲಗಿದವರು

೧೯೬೯ರ ಬೇಸಿಗೆ. ನನ್ನ ಗಂಡ ಲೀಲಾಧರರಿಗೆ ಗುಡ್ಡ ಹತ್ತುವ ಮರುಳು. ಕೊಲ್ಲೂರಿನಲ್ಲಿ ಎರಡು ವಸತಿಗೃಹಗಳನ್ನು ಬೇಡವೆಂದು ಬಿಟ್ಟು, ಹಿತ್ತಲಿನಿಂದಲೇ ಕಾಡಿನ ಕಾಲುದಾರಿ ಹೊರಡುತ್ತದೆಂಬ ಒಂದೇ ಕಾರಣಕ್ಕೆ ಅಮ್ಮಣ್ಣಿ ಎಂಬವರ ಮನೆಯ ಮಾಳಿಗೆಕೋಣೆಯನ್ನು ಬಾಡಿಗೆಗೆ ಹಿಡಿದರು.

ಬೆಳಿಗ್ಗೆ ಇಬ್ಬರೂ ಹೊರಟೆವು. ಅವರು ಮುಂದೆ, ನಾನು ಹಿಂದೆ. ಅರ್ಧ ಗುಡ್ಡ ಏರುವಾಗ ಹಕ್ಕಿಗಳ ಸದ್ದು ನಿಂತಿತು. ಸುಡುಬಿಸಿಲಿನಲ್ಲೂ ನಾನು ಕೂರಲು ಕೈಯಿಟ್ಟ ಕಲ್ಲು ಬಾವಿಯ ಒಳಗೋಡೆಯಂತೆ ತಣ್ಣಗಿತ್ತು. ಆಗ ನನ್ನ ಬೆನ್ನ ಹಿಂದೆ ಲೀಲಾಧರರ ಕೆಮ್ಮು ಕೇಳಿಸಿತು. ಅವರು ನನ್ನೆದುರಿಗೇ ನಿಂತಿದ್ದರು.

"ಪ್ರಫುಲ್ಲಾ, ಅದ್ ನನ್ ಕೆಮ್ಮೇ ಅಲ್ದಾ?" ಎಂದರು ಮೆಲ್ಲಗೆ.

ಕೆಮ್ಮು ದಾರಿಯುದ್ದಕ್ಕೂ ಕೆಳಗಿಳಿಯುತ್ತ ದೂರವಾಯಿತು.

"ಸಾಕ್, ವಾಪಾಸ್ ಹೋಪ" ಎಂದೆ.

ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಅಮ್ಮಣ್ಣಿ ಇವರನ್ನು ಕಂಡು ಕಕ್ಕಾಬಿಕ್ಕಿಯಾದರು.

"ಹ್ವಾಯ್, ನೀವ್ ಆಗ್ಳೇ ಬಂದ್, ಗಂಜಿ ಉಂಡ್ಕಂಡ್, ಮೇಲ್ ಹೋಯ್ ಮನಿಕಂಡ್ರಿಯಲೆ? ಯಾವಾಗ ಇಳ್ದದ್ದ್?"

ಮೆಟ್ಟಿಲು ಹತ್ತಿ ನೋಡಿದೆವು. ಕೋಣೆಗೆ ಒಳಗಿನಿಂದ ಅಗಳಿ ಹಾಕಿತ್ತು. ಲೀಲಾಧರರು ಬಾಗಿಲು ತಟ್ಟಲು ಕೈಯೆತ್ತಿದಾಗ ಒಳಗೆ ಮಂಚ ಕಿರುಗುಟ್ಟಿತು, ಯಾರೋ ಎದ್ದು ಕೂತಂತೆ. ನಾನು ಆ ಕೈಯನ್ನು ಹಿಡಿದು ಕೆಳಗೆಳೆದೆ. ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಕುಂದಾಪುರದ ಬಸ್ಸು ಹತ್ತಿದೆವು.

ನಾಲ್ಕನೆಯ ದಿನ ಅಮ್ಮಣ್ಣಿ ನಮ್ಮ ಚೀಲವನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟರು. ಅದರಲ್ಲಿ ಇನ್ನೂ ಬೆವರಿಗೆ ಒದ್ದೆಯಾಗಿಯೇ ಇದ್ದ ಒಂದು ಅಂಗಿ ಸಿಕ್ಕಿತು. ಅದರ ಮೇಲಿನ ಗುಂಡಿಯನ್ನು ಕೆಂಪು ನೂಲಿನಲ್ಲಿ ಹೊಲಿದವಳು ನಾನೇ.

ನಾನು ಚೀಲ ಬಿಚ್ಚುತ್ತಿದ್ದಾಗಲೂ ಅದೇ ಅಂಗಿ ಲೀಲಾಧರರ ಮೈಮೇಲಿತ್ತು.