ಚೋಟಿ ಎತ್ತಿದ ಫೋನು

“ನಿಮ್ಮ ಬೆಕ್ಕು ಸತ್ತುಹೋಗಿದೆ. ಕ್ಷಮಿಸಿ. ಏನಾದ್ರೂ ಪ್ರಶ್ನೆ ಇದೆಯಾ?” ಎಂದು ಅಕ್ಕ ಕೇಳಿದಳು.

ಚೋಟಿ ಈಗ ಅಳಬೇಕಿತ್ತು. ಕಾರ್ಡಿನಲ್ಲಿ ಹಾಗೇ ಬರೆದಿತ್ತು. ಅವಳು ಊರಿಗೆ ಹೋಗಿದ್ದಾಗ ಅವಳ ಬೆಕ್ಕನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರಂತೆ, ಅದು ಸತ್ತುಹೋಯಿತಂತೆ, ಆ ಸುದ್ದಿಯನ್ನು ಅವರು ಈಗ ಹೇಳಬೇಕಂತೆ. ಪಕ್ಕದ ಮನೆಯವರು ಅಂದರೆ ಅಕ್ಕ. ಅಳುವುದಕ್ಕೆಂದು ಚೋಟಿ ಕಣ್ಣು ಕಿರಿದು ಮಾಡಿ, ತುಟಿ ಉಬ್ಬಿಸಿ ತಯಾರಾಗಿಯೇ ಇದ್ದಳು. ಆದರೆ ಅಕ್ಕ ಸುದ್ದಿ ಹೇಳಿದ ರೀತಿಗೆ ಅವಳಿಗೆ ಕಿಸಕ್ಕನೆ ನಗು ಬಂದುಬಿಟ್ಟಿತು.

“ನಗ್ತೀಯಾ?” ಅಕ್ಕನ ಮುಖ ಕೆಂಪಾಯಿತು.

“ಮತ್ತೆ ನೀನು ಕರೆಂಟ್ ಹೋಗಿದೆ ಅನ್ನೋ ಹಾಗೆ ಹೇಳಿದ್ರೆ ಇನ್ನೇನು ಮಾಡ್ಲಿ? ಸತ್ತಿರೋದು ನನ್ನ ಬೆಕ್ಕು ಅಕ್ಕ. ಮೊದಲು ಕೂತ್ಕೋ ಅಂತಾದ್ರೂ ಹೇಳ್ಬೇಕಲ್ವಾ?”

ಹಾಲ್‌ನಲ್ಲಿ ಯೂನಿಫಾರ್ಮ್ ಹೊಲಿಯುತ್ತಿದ್ದ ಅಮ್ಮ ಮಿಷನ್ ನಿಲ್ಲಿಸಿ, “ಚೋಟಿ ಹೇಳೋದು ಸರಿಯಾಗಿದೆ ಕಣೇ” ಎಂದರು. ಮತ್ತೆ ಮಿಷನ್ ಗಡಗಡ ಶುರುವಾಯಿತು.

ಈ ಮನೆಗೆ ಇಂಥ ಹುಚ್ಚು ಹಿಡಿದದ್ದು ಹೇಗೆ ಅಂದರೆ, ಅಕ್ಕನಿಗೆ ಡಾಕ್ಟರ್ ಆಗಬೇಕು. ಹೋದ ವರ್ಷದವರೆಗೂ ಮೆಡಿಕಲ್ ಕಾಲೇಜಿಗೆ ಸೇರಲು ಇದ್ದದ್ದು ಒಂದೇ ದಾರಿ. ದೊಡ್ಡದೊಂದು ಪರೀಕ್ಷೆ, ಅದರಲ್ಲಿ ಯಾರಿಗೆ ಹೆಚ್ಚು ಮಾರ್ಕ್ಸ್ ಬರುತ್ತದೋ ಅವರಿಗೆ ಸೀಟು. ಅಕ್ಕನಿಗೆ ಕೂದಲೆಳೆಯಷ್ಟರಲ್ಲಿ ತಪ್ಪಿಹೋಯಿತು. ಹಟ ಹಿಡಿದು ಇನ್ನೊಂದು ವರ್ಷ ಮನೆಯಲ್ಲೇ ಕೂತು ಓದಿದಳು. ಟಿವಿ ಬಂದ್, ಚೋಟಿಯ ಹಾಡು ಬಂದ್, ಕುಕ್ಕರ್ ಸೀಟಿ ಹೊಡೆದರೂ ಎಲ್ಲರೂ ಬೆಚ್ಚಿಬೀಳುವ ಹಾಗಾಗಿತ್ತು.

ಅಷ್ಟು ಹೊತ್ತಿಗೆ ಕಾಲೇಜಿನವರು ದಾರಿಯನ್ನೇ ಬದಲಾಯಿಸಿದರು. ಪರೀಕ್ಷೆಗೆ ಇನ್ನು ಅರ್ಧ ಬೆಲೆ ಮಾತ್ರ. ಉಳಿದರ್ಧ ಇಂಟರ್‌ವ್ಯೂಗೆ. ಅದೂ ಎಂಥ ಇಂಟರ್‌ವ್ಯೂ ಅಂತೀರಿ. ಸಾಲಾಗಿ ಕೋಣೆಗಳು, ಪ್ರತಿ ಬಾಗಿಲ ಮೇಲೂ ಒಂದು ಕಾರ್ಡು. ಓದಿಕೊಂಡು ಒಳಗೆ ಹೋಗಬೇಕು. ಅಲ್ಲಿ ಯಾರೋ ಅಳುತ್ತಾ ಕೂತಿರುತ್ತಾರೆ, ಇಲ್ಲವೇ ಹೆದರಿಕೊಂಡು ಕೂತಿರುತ್ತಾರೆ. ಎಲ್ಲ ಬರೀ ನಾಟಕ. ಅವರ ಜೊತೆ ಅಕ್ಕ ಹೇಗೆ ಮಾತಾಡುತ್ತಾಳೆ ಎಂದು ಮೂಲೆಯಲ್ಲಿ ಕೂತವರೊಬ್ಬರು ಮಾರ್ಕ್ಸ್ ಹಾಕುತ್ತಾರೆ.

ಅಕ್ಕ ಎಂಥವಳು ಅಂದರೆ, ಪ್ರಶ್ನೆಪತ್ರಿಕೆ ಕೊಟ್ಟರೆ ಹುಲಿ, ಮನುಷ್ಯರನ್ನು ಕೊಟ್ಟರೆ ಇಲಿ. ಗ್ಯಾಸ್ ಬುಕ್ ಮಾಡುವುದಕ್ಕೂ ಅಮ್ಮನ ಕೈಗೆ ಫೋನ್ ದಾಟಿಸುವವಳು.

ಹಾಗಾಗಿ ಮನೆಯವರೆಲ್ಲ ಸೇರಿ ಮನೆಯನ್ನೇ ಇಂಟರ್‌ವ್ಯೂ ಮಾಡಿಕೊಂಡಿದ್ದರು. ಅಪ್ಪ ಡ್ಯೂಟಿ ಮುಗಿಸಿ ಬಂದು ಬಚ್ಚಲುಮನೆಯಲ್ಲಿ ಹೊಟ್ಟೆನೋವಿನ ರೋಗಿಯಾಗುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಮಾತ್ರೆ ನುಂಗಲೊಪ್ಪದ ಅಜ್ಜಿಯಾಗುತ್ತಿದ್ದರು. ಟೈರ್ ಅಂಗಡಿಯ ಮಾಮ ದಿನಕ್ಕೊಂದು ಸಲ ಬೇರೆ ಯಾರದ್ದೋ ಫೋನಿನಿಂದ ಕರೆ ಮಾಡಿ, ಗಂಟಲು ದಪ್ಪ ಮಾಡಿ, “ಮೆಡಿಕಲ್ ಕಾಲೇಜಿನಿಂದ ಮಾತಾಡ್ತಿದ್ದೀವಿ” ಎಂದು ಅಕ್ಕನನ್ನು ಗಡಗಡ ನಡುಗಿಸುತ್ತಿದ್ದ. ಹೊಸ ದನಿಗೆ ಅವಳು ಹೆದರಬಾರದು ಅಂತ. ಅಕ್ಕನ ಫೋನ್ ಎತ್ತುವ ಕೆಲಸ ಚೋಟಿಯದು. ಮಾಮನ ಕಳ್ಳಾಟ ಕಂಡುಹಿಡಿಯುವುದರಲ್ಲಿ ಅವಳಷ್ಟು ಚುರುಕು ಇನ್ನಾರೂ ಇರಲಿಲ್ಲ.

ಇಂಟರ್‌ವ್ಯೂ ಇದ್ದದ್ದು ಶನಿವಾರ. ಇದು ಬುಧವಾರ.

ಬೆಕ್ಕಿನ ಜಗಳ ಮುಗಿಸಿ ಅಕ್ಕ ತಲೆಸ್ನಾನಕ್ಕೆ ಹೋದಳು. ಆಗ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

“ನಮಸ್ಕಾರ. ಮೆಡಿಕಲ್ ಕಾಲೇಜಿನ ಅಡ್ಮಿಷನ್ ಆಫೀಸಿಂದ ಮಾತಾಡ್ತಾ ಇದ್ದೀನಿ.” ದಪ್ಪ ದನಿ. ಇವತ್ತು ಮಾಮ ನೆಗಡಿಯನ್ನೂ ಸೇರಿಸಿಕೊಂಡಿದ್ದಾನೆ ಎಂದುಕೊಂಡಳು ಚೋಟಿ.

“ಹೇಳಿ ಸಾರ್” ಎಂದಳು, ತಾನೂ ದೊಡ್ಡವಳ ದನಿ ಮಾಡಿ. ಫೋನಿನಲ್ಲಿ ಅವಳ ದನಿಗೂ ಅಕ್ಕನ ದನಿಗೂ ಅಪ್ಪನಿಗೇ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

“ಶನಿವಾರದ ಇಂಟರ್‌ವ್ಯೂಗೆ ಬರೋದು ಖಚಿತಾನಾ ಅಂತ ಕೇಳೋಕೆ ಮಾಡಿದ್ದು.”

“ಅಯ್ಯೋ, ಅವಳು ಬರಲ್ಲ ಸಾರ್. ಡಾಕ್ಟರ್ ಆಗೋ ಆಸೆ ಬಿಟ್ಟಾಯ್ತು. ಅಮ್ಮನ ಜೊತೆ ಕಾಲರ್ ಹೊಲಿಯೋಕೆ ಕೂತ್ಕೊಂಡಿದ್ದಾಳೆ.”

“ನೀವು ಯಾರು ಮಾತಾಡ್ತಿರೋದು?”

“ನಾನಾ? ಮನೆಯವರೇ. ಅವಳ ಸೆಕ್ರೆಟರಿ ಅನ್ಕೊಳ್ಳಿ.”

“ಸರಿ ಹಾಗಾದ್ರೆ. ಹೆಸರು ತೆಗೆದುಬಿಡ್ತೀವಿ.”

“ಧಾರಾಳವಾಗಿ ತೆಗೀರಿ” ಎಂದು ಚೋಟಿ ಫೋನ್ ಇಟ್ಟಳು. ಇವತ್ತು ಮಾಮನನ್ನು ಅವನ ಆಟದಲ್ಲೇ ಸೋಲಿಸಿದೆ ಎಂದು ಬೀಗುತ್ತಾ ಹೋಂವರ್ಕ್‌ಗೆ ಕೂತಳು.

ದೀಪ ಹಾಕುವ ಹೊತ್ತಿಗೆ ಫೋನ್ ಮತ್ತೆ ಹೊಡೆದುಕೊಂಡಿತು.

“ಮೆಡಿಕಲ್ ಕಾಲೇಜಿನಿಂದ ಮಾತಾಡ್ತಿದ್ದೀವಿ” ಎಂದ ಮಾಮ.

“ಹೋಗು ಮಾಮ, ದಿನಕ್ಕೆ ಒಂದೇ ಸಲ ಅಂತ ಅಲ್ವಾ ರೂಲ್ಸು? ಆಗ್ಲೇ ಮಾಡಿದ್ಯಲ್ಲ.”

“ನಾನೆಲ್ಲಿ ಮಾಡಿದೆ ತಾಯಿ? ಬೆಳಗ್ಗೆಯಿಂದ ಲಾರಿ ಟೈರಿನ ಕೆಳಗೆ ಬಿದ್ಕೊಂಡಿದ್ದೀನಿ. ಊಟಕ್ಕೂ ಪುರುಸೊತ್ತಿರಲಿಲ್ಲ.”

“ಸುಳ್ಳು ಹೇಳ್ಬೇಡ ಮಾಮ.”

“ನಿನ್ನಾಣೆಗೂ ಇಲ್ಲ ಕಣೇ. ಯಾಕೆ?”

ಚೋಟಿ ಫೋನ್ ಇಟ್ಟಳು. ಆ ಗೊತ್ತಿಲ್ಲದ ನಂಬರನ್ನು ಹುಡುಕಿ ಒತ್ತಿದಳು. ಆ ಕಡೆಯಿಂದ ಹೆಂಗಸೊಬ್ಬರ ರೆಕಾರ್ಡ್ ಮಾಡಿದ ದನಿ ಬಂತು: “ಮೆಡಿಕಲ್ ಕಾಲೇಜಿನ ಪ್ರವೇಶ ವಿಭಾಗಕ್ಕೆ ಸ್ವಾಗತ. ಕಚೇರಿಯ ವೇಳೆ ಮುಗಿದಿದೆ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ದೊಣ್ಣೆ ಹಿಡಿದವಳು ತಾನೇ ಎಂದು ಚೋಟಿಗೆ ಈಗ ತಿಳಿಯಿತು. ಅಮ್ಮನಿಗೆ ಹೇಳಲೇ ಎಂದು ಹಾಲ್‌ಗೆ ಹೋದಳು. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸದಲ್ಲಿ ಮುಳುಗಿದ್ದರು. ನೀರು ಕುಡಿದಳು. ಮತ್ತೆ ನೀರು ಕುಡಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಂದು ಯೋಚನೆ ಬಂತು. ಆದರೆ ಶನಿವಾರ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕಾಲೇಜಿನ ಬಾಗಿಲಿಗೆ ಹೋಗುತ್ತಾಳೆ, ಅಲ್ಲಿ ನಿಮ್ಮ ಹೆಸರೇ ಇಲ್ಲ ಅನ್ನುತ್ತಾರೆ. ಅದನ್ನು ನೆನೆದೇ ಚೋಟಿಗೆ ಅಳು ಬಂತು. ಈ ಸಲ ಅದು ನಾಟಕದ ಅಳು ಆಗಿರಲಿಲ್ಲ.

ಅವಳು ಅಕ್ಕನ ಕೋಣೆಯ ಬಾಗಿಲು ತಳ್ಳಿದಳು.

“ನಿಂಗೊಂದು ವಿಷಯ ಹೇಳ್ಬೇಕು.”

ಅಕ್ಕ ಅವಳ ಮುಖ ನೋಡಿದಳು. ತಟ್ಟನೆ ಪುಸ್ತಕ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಎದುರಿನ ಕುರ್ಚಿ ಎಳೆದಳು. “ಬನ್ನಿ. ಮೊದಲು ಕೂತ್ಕೊಳ್ಳಿ. ತುಂಬಾ ಹೆದರಿದ ಹಾಗಿದೆ. ನಿಧಾನಕ್ಕೆ ಹೇಳಿ, ಅವಸರ ಏನಿಲ್ಲ.”

ಚೋಟಿ ಕೂತಳು. “ನಾನೊಂದು ತಪ್ಪು ಮಾಡಿದ್ದೀನಿ. ಬೇರೆಯವರ ಫೋನ್ ಎತ್ತಿದೆ. ತಮಾಷೆ ಅಂದ್ಕೊಂಡು ಏನೇನೋ ಹೇಳ್ಬಿಟ್ಟೆ.”

“ಆಮೇಲೆ ಏನಾಯ್ತು?”

“ಅವರ ಹೆಸರು ತೆಗೆದುಬಿಟ್ರು.”

ಅಕ್ಕ ಮುಂದಕ್ಕೆ ಬಾಗಿದಳು. ಅವಳ ದನಿ ಎಷ್ಟು ಮೆತ್ತಗಿತ್ತು ಅಂದರೆ ಚೋಟಿಗೆ ಇನ್ನಷ್ಟು ಅಳು ಉಕ್ಕಿತು. “ಇದನ್ನ ಒಬ್ಬರೇ ಹೊತ್ಕೊಂಡಿರೋದು ಕಷ್ಟಾನೇ. ಅವರಿಗೆ ಹೇಳಿದ್ರಾ?”

“ಈಗ ಹೇಳ್ತಾ ಇದ್ದೀನಿ.”

“ಎಷ್ಟು ಚೆನ್ನಾಗಿ ಅಳ್ತೀಯೇ ಇವತ್ತು” ಎಂದು ಅಕ್ಕ ನಕ್ಕಳು. “ಯಾರು ಬರೆದದ್ದು ಈ ಕಾರ್ಡು? ಅಮ್ಮನಾ?”

“ಕಾರ್ಡಲ್ಲ ಅಕ್ಕ.”

ಚೋಟಿ ಫೋನ್ ಚಾಚಿದಳು. ಎಲ್ಲವನ್ನೂ ಹೇಳಿದಳು, ಕಾಲರ್ ಹೊಲಿಯುವುದನ್ನೂ ಬಿಡದೆ. ಅಕ್ಕನ ಮುಖದಿಂದ ನಗು ಇಳಿದುಹೋಯಿತು. ಅವಳು ಆ ನಂಬರಿಗೆ ಫೋನ್ ಮಾಡಿದಳು, ಅದೇ ರೆಕಾರ್ಡ್ ಕೇಳಿದಳು, ಇನ್ನೊಮ್ಮೆ ಮಾಡಿದಳು. ಆಮೇಲೆ “ಹೊರಗೆ ಹೋಗು” ಎಂದಳು. ಜೋರಾಗಿ ಹೇಳಲಿಲ್ಲ. ಜೋರಾಗಿ ಬೈದಿದ್ದರೆ ಚೋಟಿಗೆ ಎಷ್ಟೋ ಸುಲಭವಾಗುತ್ತಿತ್ತು. ಬೈಯುವ ಕೆಲಸವನ್ನು ಅಮ್ಮ ಮಾಡಿದರು. ಅಪ್ಪ ಬಂದ ಮೇಲೆ ಅವರೂ ಮಾಡಿದರು. ಮಾಮನಿಗೂ ಫೋನಿನಲ್ಲಿ ಬೈಗುಳದ ಪಾಲು ಹೋಯಿತು.

ಮರುದಿನ ಬೆಳಗ್ಗೆ ಯಾರೂ ತಿಂಡಿ ಸರಿಯಾಗಿ ತಿನ್ನಲಿಲ್ಲ. ಆಫೀಸ್ ತೆಗೆಯುವ ಹೊತ್ತಿಗೆ ಅಮ್ಮ, “ಕೊಡು, ನಾನೇ ಮಾತಾಡ್ತೀನಿ” ಎಂದು ಕೈ ಚಾಚಿದರು. ಅಕ್ಕ ಕೊಡಲಿಲ್ಲ. ತಾನೇ ನಂಬರ್ ಒತ್ತಿದಳು. ಫೋನ್ ಸ್ಪೀಕರ್‌ನಲ್ಲಿತ್ತು.

“ಸಾರ್, ನನ್ನ ಹೆಸರು ತೆಗೆದಿದ್ದೀರ. ನಾನು ಬಿಟ್ಟಿಲ್ಲ ಸಾರ್. ತಪ್ಪು ನಮ್ಮ ಮನೆಯಿಂದಾನೇ ಆಗಿದೆ.”

“ನಿನ್ನೆ ಯಾರೋ ಸೆಕ್ರೆಟರಿ ಮಾತಾಡಿದ್ರಲ್ಲಮ್ಮ” ಎಂದಿತು ನೆಗಡಿಯ ದನಿ.

ಅಕ್ಕ ಚೋಟಿಯ ಕಡೆ ನೋಡಿದಳು. ಚೋಟಿ ಮುಂದೆ ಬಂದಳು. “ನಾನೇ ಸಾರ್. ತಂಗಿ. ನಿಮ್ಮನ್ನ ನಮ್ಮ ಮಾಮ ಅಂದ್ಕೊಂಡೆ. ಅವನು ದಿನಾ ನಿಮ್ಮ ಹಾಗೇ ದನಿ ಮಾಡಿ ಅಕ್ಕನಿಗೆ ಪ್ರಾಕ್ಟೀಸ್ ಮಾಡಿಸ್ತಾನೆ. ಅಕ್ಕನಿಗೆ ಇದೇನೂ ಗೊತ್ತಿರಲಿಲ್ಲ.”

ಆ ಕಡೆ ಯಾರೋ ಕೆಮ್ಮಿದರು. ಹಾಳೆ ತಿರುವಿದ ಸದ್ದು ಬಂತು. ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು.

“ಶನಿವಾರದ ಜಾಗ ಇನ್ನೊಬ್ಬರಿಗೆ ಕೊಟ್ಟಾಗಿದೆ. ಇವತ್ತು ಮಧ್ಯಾಹ್ನ ಒಬ್ಬರು ಬರ್ತಿಲ್ಲ. ಅದು ಬೇಕಿದ್ರೆ ಬನ್ನಿ. ಅದು ಬಿಟ್ರೆ ಈ ವರ್ಷ ಬೇರೆ ಇಲ್ಲ.”

“ಇವತ್ತಾ?” ಅಮ್ಮ ಬಾಯಿ ಹಾಕಿದರು. “ಸಿಡುಕನ ಕೋಣೆ ಒಂದ್ಸಲಾನೂ ಮಾಡಿಲ್ವಲ್ಲೇ. ನಾಳೆ ಮಾಮ ಬಂದು ಮಾಡಿಸ್ತೀನಿ ಅಂದಿದ್ನಲ್ಲ.”

ಆಸ್ಪತ್ರೆಯಲ್ಲಿ ಕಾದು ಕಾದು ರೇಗಿದವರನ್ನು ಸಮಾಧಾನ ಮಾಡುವ ಕೋಣೆ ಅದು. ಯಾರಾದರೂ ದನಿಯೇರಿಸಿದರೆ ಅಕ್ಕನಿಗೆ ಮಾತೇ ಹೊರಡುತ್ತಿರಲಿಲ್ಲ. ಅದಕ್ಕೇ ಶುಕ್ರವಾರ ಇಡೀ ದಿನವನ್ನು ಅದೊಂದಕ್ಕೆ ಇಟ್ಟುಕೊಂಡಿದ್ದರು.

“ಬರ್ತೀನಿ ಸಾರ್” ಎಂದಳು ಅಕ್ಕ.

ಚೋಟಿ ಸ್ಕೂಲಿಗೆ ಹೋದಳು ಅನ್ನುವುದು ಹೆಸರಿಗೆ ಮಾತ್ರ. ಟೀಚರ್ ಭಾಗಾಕಾರ ಮಾಡು ಅಂದರೆ ಗುಣಾಕಾರ ಮಾಡಿದಳು. “ಎಲ್ಲಿದೆ ನಿನ್ನ ಗ್ಯಾನ?” ಎಂದು ಕೇಳಿದರೆ ಎದ್ದು ನಿಂತು ಗಡಿಯಾರ ನೋಡಿದಳು. ಮಧ್ಯಾಹ್ನದ ಬೆಲ್ಲಾದಾಗ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿದಳು. ಈಗ ಅಕ್ಕ ಯಾವ ಬಾಗಿಲ ಮುಂದೆ ನಿಂತಿರಬಹುದು? ಒಳಗೆ ಯಾರು ಕೂಗಾಡುತ್ತಿರಬಹುದು?

ಮನೆಗೆ ಬಂದಾಗ ಅಕ್ಕನ ಚಪ್ಪಲಿ ಬಾಗಿಲಲ್ಲಿತ್ತು. ಚೋಟಿ ಬ್ಯಾಗನ್ನು ಬೆನ್ನಿಂದ ಇಳಿಸದೆ ಗೋಡೆಗೆ ಒರಗಿ ನಿಂತಳು. ಅಕ್ಕ ಅಮ್ಮನ ಮಿಷನ್ ಪಕ್ಕದಲ್ಲಿ, ಹೊಲಿದು ಮುಗಿದ ಯೂನಿಫಾರ್ಮ್‌ಗಳ ನಡುವೆ ಕೂತಿದ್ದಳು. ಬಟ್ಟೆ ಕೂಡ ಬದಲಾಯಿಸಿರಲಿಲ್ಲ. ರಿಸಲ್ಟ್ ಬರಲು ಇನ್ನೂ ಒಂದು ತಿಂಗಳಂತೆ.

“ಬಾಯಿ ಬಿಟ್ಟು ಹೇಳೇ, ಹೇಗಾಯ್ತು?” ಎಂದು ಅಮ್ಮ ಕೇಳುತ್ತಿದ್ದರು.

“ಬೇರೆಯೆಲ್ಲ ಪರವಾಗಿಲ್ಲಮ್ಮ. ಒಂದು ಕಡೆ ಹುಡುಗಿಯೊಬ್ಬಳು ಅಳ್ತಾ ಕೂತಿದ್ಳು. ಅವಳ ಜೊತೆ ಚೆನ್ನಾಗೇ ಮಾತಾಡಿದೆ.” ಅಕ್ಕ ಒಂದು ನೂಲಿನ ತುಂಡನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಸಿಡುಕನ ಕೋಣೇಲಿ ನಾಲಿಗೇನೇ ಏಳಲಿಲ್ಲ. ಬೆಲ್ ಆಗೋವರೆಗೂ ಹಾಗೇ ನಿಂತಿದ್ದೆ.”

ಮಿಷನ್ನಿನ ಚಕ್ರದ ಮೇಲೆ ಅಮ್ಮನ ಕೈ ಸುಮ್ಮನೆ ಇತ್ತು.

ಈಗ ಬರುತ್ತದೆ ಎಂದು ಚೋಟಿ ಕಾದಳು. ‘ಇವಳಿಂದಾಗಿ’ ಅನ್ನುವ ಮಾತು. ಬಂದರೆ ಹೇಗೆ ತಡೆದುಕೊಳ್ಳುವುದು ಎಂದು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಕ್ಕ ತಲೆಯೆತ್ತಿದಳು. ಗೋಡೆಗೆ ಒರಗಿ ನಿಂತಿದ್ದ ಚೋಟಿಯನ್ನು ಆಗಷ್ಟೇ ಕಂಡಳು. ಅಕ್ಕನ ಕಣ್ಣಿನಲ್ಲಿ ಸಿಟ್ಟು ಇನ್ನೂ ಇತ್ತು.

“ಶನಿವಾರ ಹೋಗಿದ್ರೂ ಅಲ್ಲಿ ನಾಲಿಗೆ ಏಳ್ತಿರಲಿಲ್ಲ ಬಿಡಮ್ಮ” ಎಂದಳು, ನಿಧಾನವಾಗಿ.

ಅದು ನಿಜವಲ್ಲ ಎಂದು ಚೋಟಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಆ ಮಾತನ್ನು ಅಕ್ಕ ಅಮ್ಮನಿಗೆ ಹೇಳಿದ್ದಲ್ಲ ಎಂಬುದೂ ಚೋಟಿಗೆ ತಿಳಿಯಿತು. ಅವಳು ಬ್ಯಾಗ್ ಇಳಿಸಿ, ಯೂನಿಫಾರ್ಮ್‌ಗಳನ್ನು ಒಂದು ಪಕ್ಕಕ್ಕೆ ಸರಿಸಿ, ಅಕ್ಕನ ಹತ್ತಿರ ಹೋಗಿ ಕೂತಳು.