ಕೊಂಬೆ ಇಡದವನು

ಬೆಳಿಗ್ಗೆಯೇ ಲೊಲ್ಕೇರ ಠಾಣೆಗೆ ದೂರು ಬಂತು. ತಂದವನು ಆನೆ ಕಾವಲು ಪಡೆಯ ಮುಖ್ಯಸ್ಥ ಲೆಟಿಪಿಲ. ಒಣಹೊಳೆಯ ತಿರುವಿನಲ್ಲಿ ಹಿರಿಯ ಹೆಣ್ಣಾನೆ ಟಿಟೊ ಗುಂಡೇಟಿಗೆ ಸತ್ತು ಬಿದ್ದಿತ್ತು. ಆ ಸೀಮೆಯಲ್ಲಿ ಹೆಣ್ಣಾನೆಗೂ ದಂತವಿರುತ್ತದೆ; ಇದರದ್ದನ್ನು ಯಾರೋ ಕಿತ್ತೊಯ್ದಿದ್ದರು.

“ಗಡಿಯಾಚೆಯವರ ಕೆಲಸ ಮೇಡಂ. ನಮ್ಮ ಸಂಬೂರು ಜನ ಆನೆ ಕೊಲ್ಲಲ್ಲ.”

“ಹತ್ತಿರ ಹೋಗಿದ್ದು ಯಾರು?” ಇನ್ಸ್‌ಪೆಕ್ಟರ್ ನಾರಮತ್ ಕೇಳಿದಳು.

“ಯಾರೂ ಇಲ್ಲ. ದೂರದಿಂದ ನೋಡಿ ನಾನು ಪಡೆಯ ಜೀಪಲ್ಲಿ ಸೀದಾ ಇಲ್ಲಿಗೆ ಬಂದೆ. ಹುಡುಗರೆಲ್ಲ ಶಿಬಿರದಲ್ಲೇ ಇದಾರೆ.”

ನಾರಮತ್ ಎಫ್‌ಐಆರ್ ದಾಖಲಿಸಿದಳು. ಶಿಬಿರದಿಂದ ಕಾವಲುಗಾರರನ್ನು ಜೀಪಿಗೆ ಹತ್ತಿಸಿಕೊಂಡು ಸ್ಥಳಕ್ಕೆ ಹೋದಳು.

ಕೊಚ್ಚಿದ ಮುಖದ ಮೇಲೆ ಆಗಲೇ ಒಂದು ಹಸಿರು ಕೊಂಬೆ ಇತ್ತು.

“ಗುಡ್ಡದಂಥ ಹೆಣಾನ ಎಲೇಲಿ ಮುಚ್ಚೋಕೆ ನೋಡಿದಾನಾ ಪೆದ್ದ?” ಎಂದ ಕಾನ್‌ಸ್ಟೆಬಲ್ ಕಿಪ್ರೊನೊ. ಅವನು ಬೇರೆ ಸೀಮೆಯವನು.

“ಬಾಯಿ ಮುಚ್ಚಯ್ಯ,” ಎಂದ ಲೆಟಿಪಿಲ. “ಆನೆ ಅಂದ್ರೆ ನಮಗೆ ನೆಂಟರು. ಸತ್ರೆ ಹಸಿರು ಇಡ್ತೀವಿ. ಒಬ್ಬೊಬ್ಬರು ಒಂದೊಂದು ಕೊಂಬೆ.”

ನಾರಮತ್ ಕೊಂಬೆಯನ್ನು ಎತ್ತಲು ಹೋದಳು, ಬರಲಿಲ್ಲ. ಒಣಗಿದ ರಕ್ತಕ್ಕೆ ಎಲೆಗಳು ಅಂಟಿಕೊಂಡಿದ್ದವು. ರಕ್ತ ಹರಿಯುತ್ತಿದ್ದಾಗಲೇ ಇಟ್ಟದ್ದು. ಅಂದರೆ ಕೊಂದವನೇ ಇಟ್ಟದ್ದು, ಕೊಂದವನು ಸಂಬೂರು. ತನ್ನವರಲ್ಲೊಬ್ಬ.

ಪಂಚನಾಮೆ ಮುಗಿಸಿ ತಾನೇ ಮೊದಲು ಒಂದು ಕೊಂಬೆ ಮುರಿದು ಇಟ್ಟಳು. ಕಾವಲುಗಾರರು ಒಬ್ಬೊಬ್ಬರಾಗಿ ಬಂದು ಇಟ್ಟರು. ಲೆಸುಯಾಯಿ ಮಾತ್ರ ಬರಿಗೈಯಲ್ಲಿ ನಿಂತಿದ್ದ.

“ಲೆಸುಯಾಯಿ ಅಣ್ಣ, ನೀನು?”

“ನಂದಾಯ್ತು ತಂಗಿ.”

“ಯಾವಾಗ? ಈಗಷ್ಟೇ ನನ್ನ ಜೀಪಿಂದ ಇಳಿದೆಯಲ್ಲ.”

ಹೆಣದ ಮುಂದೆ ಸುಳ್ಳಿಗೊಂದು ಕೊಂಬೆ ಮುರಿಯುವುದು ಅವನಿಂದ ಆಗಿರಲಿಲ್ಲ. ಬಂದೂಕನ್ನು ಹೆಗಲಿನಿಂದ ಇಳಿಸಿ ಅವಳ ಕೈಗೆ ಕೊಟ್ಟ.

“ದಂತ ಎಲ್ಲಿ?”

“ಬಾವಿ ಹತ್ತಿರ ಹೂತಿದೀನಿ. ಮಾರೋಕಲ್ಲ. ಹೊರಗಿನವರ ಕೆಲಸ ಅಂದ್ಕೊಳ್ಲಿ ಅಂತ ಕಿತ್ತೆ.”

“ಯಾಕೆ ಕೊಂದೆ?”

“ನೀರಿಗೆ ಹೋದ ನನ್ನ ಹೆಂಡತಿ ನೊಲ್ಪಯೇನ ಅದೇ ಬಾವಿ ಹತ್ತಿರ ತುಳಿದಿದ್ದು ಇದು. ಸಂಜೆವರೆಗೂ ಜೀವ ಹಿಡ್ಕೊಂಡಿದ್ಲು. ಆಸ್ಪತ್ರೆಗೆ ಒಯ್ಯೋಕೆ ಪಡೆಯ ಜೀಪು ಕೇಳಿದೆ. ಡೀಸೆಲ್ ಇಲ್ಲ ಅಂದ ಇವನು.” ಅವನು ಲೆಟಿಪಿಲನತ್ತ ಗದ್ದ ಎತ್ತಿದ. “ಇವತ್ತು ಆನೆ ಸತ್ತಿದ್ದಕ್ಕೆ ಠಾಣೆಗೆ ಓಡೋಕೆ ಇತ್ತಲ್ಲ.”

“ಅದು ಆನೆಗಳಿಗೆ ಅಂತ ಬರೋ ಡೀಸೆಲ್ ಕಣೋ,” ಎಂದ ಲೆಟಿಪಿಲ ಮೆಲ್ಲಗೆ. “ನಾನೇನು ಮಾಡ್ಲಿ?”

“ಅಷ್ಟು ಸಿಟ್ಟಿದ್ದವನು ಹಸಿರು ಯಾಕಿಟ್ಟೆ?” ಕಿಪ್ರೊನೊ ಬೇಡಿ ತೊಡಿಸುತ್ತ ಕೇಳಿದ.

“ಸತ್ತ ಮೇಲೆ ಅದರ ಮೇಲೆ ಎಂಥ ಸಿಟ್ಟಯ್ಯ.”

ಬಾವಿಯ ಬಳಿ ದಂತಗಳು ಸಿಕ್ಕವು. ನಾರಮತ್ ಜೀಪಿನ ವೈರ್‌ಲೆಸ್‌ನಲ್ಲಿ ಮೇಲಧಿಕಾರಿಗೆ ವರದಿ ಒಪ್ಪಿಸಿದಳು. ದಂತಕ್ಕೆ ಪೆಟ್ಟಾಗಿದೆಯೇ ಎಂದು ಅವರು ಎರಡು ಸಲ ಕೇಳಿದರು.

“ಇಲ್ಲ ಸರ್. ಇನ್ನೊಂದು ವಿಷಯ. ನೊಲ್ಪಯೆ ಸಾವಿನ ಬಗ್ಗೆಯೂ ತನಿಖೆ ಆಗ್ಬೇಕು.”

ಆ ಕಡೆ ಹಾಳೆ ಮಗುಚುವ ಸದ್ದಾಯಿತು.

“ನೊಲ್ಪಯೆನಾ? ಅದು ಯಾವ ಆನೆ?”