ಅಕ್ಕನ ಕೈಯಲ್ಲಿ ಅವಳ ಹೆಜ್ಜೆ

"ಕತ್ತು ಬೇಕಾ, ಕೆಲಸ ಬೇಕಾ? ಮೊದಲು ಅದನ್ನ ಹೇಳಿ!"

ಮೊದಲ ಭೇಟಿಯಲ್ಲೇ ಫಿಸಿಯೋಥೆರಪಿಸ್ಟ್ ಹೀಗೆ ಗದರಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಟಿವಿ ಚಾನೆಲ್ಲಿನ ವಿಡಿಯೋ ಎಡಿಟರ್ ಅವಳು. ಕತ್ತಲೆ ಕೋಣೆಯಲ್ಲಿ ಕೂತೂ ಕೂತೂ ಕತ್ತು ಹಿಡಿದು, ಬಿಪಿ ಏರಿ, ಆಫೀಸಿನ ಎದುರಿಗಿದ್ದ ಅವನ ಕ್ಲಿನಿಕ್ಕಿಗೆ ಬಂದಿದ್ದಳು.

"ಎರಡೂ ಬೇಕು! ಏನೀಗ?"

ಅವನು ಪಕ್ಕನೆ ನಕ್ಕುಬಿಟ್ಟ. ಅಯ್ಯೋ, ಆ ನಗು! ಕೆಲವೇ ವಾರಗಳಲ್ಲಿ ಕತ್ತು ನೆಟ್ಟಗಾಯಿತು, ನಿದ್ದೆ ಮಾತ್ರ ಕೆಟ್ಟಿತು. 'ನೀವು' ಹೋಗಿ 'ನೀನು' ಬಂತು.

"ಕೆಲಸ ಬಿಡು ಅನ್ನಲ್ಲ. ವಿಡಿಯೋ ತಯಾರಾಗೋವರೆಗೂ ಸುಮ್ಮನೆ ಕೂತು ಕಾಯ್ತೀಯಲ್ಲ, ಆಗ ಟೆರೇಸಿಗೆ ಹೋಗು. ಮಷೀನ್ ದುಡೀಲಿ, ನೀನು ನಡಿ."

ಉಂಗುರ ತೊಡಿಸುವ ಬದಲು ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿದ ಪುಣ್ಯಾತ್ಮ! ಅವಳು ನಡೆದಷ್ಟೂ ಅವನ ಮೊಬೈಲಿನಲ್ಲಿ ಕಾಣುತ್ತಿತ್ತು.

"ನಮ್ಮಮ್ಮ 'ನಾಳೆಯಿಂದ ನಡೀತೀನಿ ಕಣೋ' ಅಂತಾನೇ ಇದ್ರು. ಆ ನಾಳೆ ಬರಲೇ ಇಲ್ಲ... ನೀನು ಹಾಗೆ ಮಾಡ್ಬೇಡ, ಪ್ಲೀಸ್."

ಅವಳು ಆಣೆ ಮಾಡಿದಳು. ಮನಸಾರೆ ಮಾಡಿದಳು.

ಆದರೆ ಚುನಾವಣೆ ಬಂದು ಕೆಲಸ ತಲೆ ಮೇಲೆ ಕೂತಿತು. ಒಂದು ಮಷೀನಿನಲ್ಲಿ ವಿಡಿಯೋ ತಯಾರಾಗುವಾಗ ಇನ್ನೊಂದರಲ್ಲಿ ಮುಂದಿನ ಸುದ್ದಿ. ಉಸಿರಾಡಲೂ ಪುರುಸೊತ್ತಿಲ್ಲ. 'ನಡೀತಿಲ್ಲ ಅಂತ ಗೊತ್ತಾದ್ರೆ ಅವನು ನೊಂದ್ಕೋತಾನೆ...'

"ಅಕ್ಕಾ, ನೀನು ಹೇಗೂ ದಿನಾ ವಾಕಿಂಗ್ ಹೋಗ್ತೀಯಲ್ಲ, ಈ ಬ್ಯಾಂಡನ್ನೂ ಕರ್ಕೊಂಡು ಹೋಗೇ!"

"ಕಳ್ಳಿ! ನಿನ್ನ ಪ್ರೀತಿಗೆ ನಾನು ಬೆವರು ಸುರಿಸ್ಬೇಕಾ?" ಎಂದು ನಗುತ್ತಲೇ ಅಕ್ಕ ಕಟ್ಟಿಕೊಂಡಳು.

ಸಂಜೆ ಅವನ ಮೆಸೇಜ್ ಬಂತು. 'ಭೇಷ್ ಕಣೇ! ಅಮ್ಮ ಇದ್ದಿದ್ರೆ ನಿನ್ನ ಮುದ್ದಾಡ್ತಿದ್ರು.'

ಅದನ್ನೇ ಎರಡೆರಡು ಸಲ ಓದಿದಳು. ಆದರೂ ನಿಜ ಹೇಳಲಿಲ್ಲ.

ಒಂದು ಬೆಳಿಗ್ಗೆ ಕೆಲಸದ ಕೋಣೆಯಲ್ಲೇ ಕುಸಿದು ಬಿದ್ದಳು. ಆಫೀಸಿನವರು ಆಸ್ಪತ್ರೆಗೆ ಸೇರಿಸಿ ಅಕ್ಕನಿಗೆ ಸುದ್ದಿ ಮುಟ್ಟಿಸಿದರು.

ವಾಕಿಂಗಿನಲ್ಲಿದ್ದ ಅಕ್ಕ ಅವನಿಗೆ ಫೋನ್ ಮಾಡಿ, ಉಟ್ಟಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿಬಂದಳು. ಏದುಸಿರು ಬಿಡುತ್ತಾ ಬಂದ ಅವನ ಕಣ್ಣು ಅಕ್ಕನ ಮಣಿಕಟ್ಟಿನ ಮೇಲೆ ನಿಂತುಬಿಟ್ಟಿತು.

"ನೀನು ಬಿದ್ದ ಹೊತ್ತಲ್ಲಿ ನಾನು ಮೊಬೈಲ್ ನೋಡಿ ಖುಷಿ ಪಡ್ತಾ ಇದ್ದೆ... ನೀನು ನಡೀತಿದೀಯ ಅಂತ!"

"ಸಾರಿ ಕಣೋ... ಬಿಪಿ ಜಾಸ್ತಿ ಆಗಿತ್ತು ಅಷ್ಟೇ..."

"ಅಷ್ಟೇನಾ? ನಮ್ಮಮ್ಮ ನಾಳೆ ಅಂದ್ರು, ಸುಳ್ಳು ಹೇಳ್ಲಿಲ್ಲ. ಇನ್ನೊಂದು ಸಲ ಇದನ್ನೆಲ್ಲ ನೋಡೋ ಶಕ್ತಿ ನಂಗಿಲ್ಲ."

ಹೊರಟೇಹೋದ. ಅವಳು ಅಕ್ಕನ ಮಡಿಲಲ್ಲಿ ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಆಫೀಸಿನ ಟೆರೇಸಿಗೆ ನೇರ ಕಾಣುವ ಕ್ಲಿನಿಕ್ಕಿನ ಕಿಟಕಿಗೆ ಪರದೆ ಬಿತ್ತು. ಕೆಲಸಕ್ಕೆ ಮರಳಿದವಳು ಮಾತ್ರ ವಿಡಿಯೋ ತಯಾರಾಗಲು ಬಿಟ್ಟಾಗೆಲ್ಲ ಎರಡನೇ ಮಷೀನ್ ಮುಟ್ಟದೆ ಮೇಲೆ ಹತ್ತಿದಳು. ಬರಿಗೈಯಲ್ಲಿ ನೀರಿನ ಟ್ಯಾಂಕಿನ ಸುತ್ತ ನಡೆದಳು. 'ಯಾರೂ ನೋಡೋದು ಬೇಡ. ನನ್ನ ಜೀವ ನಂದು ತಾನೇ!' ಎಂದುಕೊಳ್ಳುತ್ತಲೇ ಆ ಪರದೆ ನೋಡಿ ಕಣ್ಣೊರೆಸಿಕೊಂಡಳು.

ಒಂದು ಮಧ್ಯಾಹ್ನ ಟೆರೇಸಿನ ಬಾಗಿಲು ಕಿರುಗುಟ್ಟಿತು. ಅವನು! ಸೊರಗಿಹೋಗಿದ್ದ.

"ಬ್ಯಾಂಡ್ ಎಲ್ಲಿ?"

"ಡ್ರಾಯರಲ್ಲಿದೆ. ನಂಗೆ ಬೇಡ."

"ಮತ್ತೆ ನೀನು ನಡೆದಿದ್ದು ಯಾರಿಗೆ ಗೊತ್ತಾಗತ್ತೆ?"

"ನನ್ನ ಮೊಣಕಾಲಿಗೆ ಗೊತ್ತಾಗತ್ತೆ. ಪ್ರಾಣ ತಿಂತಿದೆ!"

ಅವನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿ ಹರಿಯಿತು.

"ಪರದೆ ಸಂದಿಯಿಂದ ದಿನಾ ನೋಡ್ತಿದ್ದೆ ಕಣೇ. ನೀನು ಬರೋದು ಸ್ವಲ್ಪ ತಡ ಆದ್ರೂ ಎದೆ ಡವಡವ ಅಂತಿತ್ತು."

"ಮೋಸ ಮಾಡ್ಬಿಟ್ಟೆ... ನಿನ್ನ ಕಳ್ಕೋತೀನೇನೋ ಅನ್ನೋ ಭಯಕ್ಕೆ..."

"ನಾನು ಬಿಟ್ಟುಹೋಗಿದ್ದೂ ಅದೇ ಭಯಕ್ಕೆ."

ಬ್ಯಾಂಡ್ ಇರಬೇಕಾಗಿದ್ದ ಜಾಗದಲ್ಲಿ ಬೆರಳಿಟ್ಟು ಅವಳ ನಾಡಿ ನೋಡಿದ. ತುಂಬಾ ಹೊತ್ತು ಕೈ ಬಿಡಲೇ ಇಲ್ಲ.

"ನಾಳೆಯಿಂದ ನನ್ನ ಜೊತೆ ನಡೀತೀಯಾ?" ಅವಳು ಅಳುತ್ತಾ ಕೇಳಿದಳು.

"ನಾಳೆ ಅನ್ಬೇಡ ಕಣೇ... ಈಗಲೇ ಬಾ."